ಪಾಚಿಯ ಮೇಲೆ ಕಣ್ಣಿಡಲು ಉಪಗ್ರಹದೊಂದಿಗೆ ನಾಡದೋಣಿಯೂ ಬೇಕು

ಮಾನ್ಯ ಸಂಪಾದಕರೇ,

2020ರ ನವೆಂಬರ್‌ನಲ್ಲಿ ಉಡುಪಿಯ ಮಟ್ಟು, ಪಡುಕೆರೆ ಕಡಲತೀರಗಳಲ್ಲಿ ರಾತ್ರಿ ಹೊತ್ತು ಅಲೆಗಳು ನೀಲಿಯಾಗಿ ಹೊಳೆದಾಗ ನೋಡಲು ಜನ ಮುಗಿಬಿದ್ದಿದ್ದರು; ಆ ಬೆಳಕು ಮೊಬೈಲಿನಲ್ಲಿ ಸರಿಯಾಗಿ ಮೂಡುತ್ತಿಲ್ಲವೆಂದು ಗೊಣಗಿದವರಲ್ಲಿ ನಾನೂ ಒಬ್ಬ. ಅದು ಕಡಲ ಪಾಚಿಗಳ ಸಾಲಿನಲ್ಲಿ ಎಣಿಸುವ ನಾಕ್ಟಿಲೂಕ ಎಂಬ ಏಕಕೋಶ ಜೀವಿಯ ಬೆಳಕು. ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಹಗಲು ನೋಡಿದರೆ ಸಾಸಿವೆಗಿಂತ ಸಣ್ಣ, ಪಾರದರ್ಶಕ ಕಣಗಳು ಬರಿಗಣ್ಣಿಗೇ ಕಾಣುತ್ತವೆ. ನಾಕ್ಟಿಲೂಕ ತಾನಾಗಿ ವಿಷ ಸುರಿಸುವುದಿಲ್ಲ. ಆದರೆ ಮಿತಿಮೀರಿ ಬೆಳೆದಾಗ ನೀರಿಗೆ ಅಮೋನಿಯಾ ಸೇರುತ್ತದೆ, ಸತ್ತು ಕೊಳೆಯುವಾಗ ಆಮ್ಲಜನಕ ಕುಗ್ಗುತ್ತದೆ.

ಇಂಥ ಪಾಚಿಯ ಹರಡುವಿಕೆಯನ್ನು ಆಕಾಶದಿಂದ ಗುರುತಿಸುವ ಸಾಮರ್ಥ್ಯ ನಮ್ಮ ದೇಶಕ್ಕಿದೆ. 2022ರ ನವೆಂಬರ್ 26ರಂದು ಇಸ್ರೊ ಹಾರಿಸಿದ ಓಷನ್‌ಸ್ಯಾಟ್-3 ಉಪಗ್ರಹವು ಕಡಲಿನ ಬಣ್ಣವನ್ನು 13 ತರಂಗಪಟ್ಟಿಗಳಲ್ಲಿ ಅಳೆಯುತ್ತದೆ. ಕಡಲಿನ ಮಾಹಿತಿ ಒದಗಿಸುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯು ಉಪಗ್ರಹಗಳ ಮಾಹಿತಿಯಿಂದ ಕ್ಲೋರೊಫಿಲ್ (ಪಾಚಿಯ ಹಸಿರು ವರ್ಣದ್ರವ್ಯ) ಮತ್ತು ಮೇಲ್ಮೈ ತಾಪಮಾನ ಎಂದಿಗಿಂತ ಎಷ್ಟು ಏರುಪೇರಾಗಿದೆ ಎಂಬುದನ್ನು ಲೆಕ್ಕಹಾಕಿ ಪಾಚಿಯ ಬಗ್ಗೆ ಮಾಹಿತಿ ಸೇವೆ ನಡೆಸುತ್ತಿದೆ. ಇತ್ತೀಚಿನ ದಶಕಗಳಲ್ಲಿ ಅರಬ್ಬಿ ಸಮುದ್ರದ ಮೇಲ್ಮೈ 1.2ರಿಂದ 1.4 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದೆ ಎಂದು ಪುಣೆಯ ಹವಾಮಾನ ವಿಜ್ಞಾನಿಗಳೇ ಹೇಳಿರುವಾಗ ಈ ಸೇವೆಯ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು.

ನನ್ನ ತಕರಾರು ಬೇರೆ. ಈ ಸೇವೆಯಲ್ಲಿ ವಿಶೇಷ ನಿಗಾಕ್ಕೆಂದು ಗುರುತಿಸಿರುವ ನಾಲ್ಕು ಪ್ರದೇಶಗಳು ಈಶಾನ್ಯ ಅರಬ್ಬಿ ಸಮುದ್ರ, ಕೇರಳದ ಕರಾವಳಿ, ಮನ್ನಾರ್ ಕೊಲ್ಲಿ ಮತ್ತು ಒಡಿಶಾದ ಗೋಪಾಲಪುರ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯ ಹೆಸರು ಅದರಲ್ಲಿಲ್ಲ. ಇನ್ನೊಂದು ತೊಡಕೆಂದರೆ, ತಳದ ತಣ್ಣೀರು ಪೋಷಕಾಂಶಗಳೊಂದಿಗೆ ಮೇಲೇಳುವ ಮಳೆಗಾಲದಲ್ಲೇ ಇಲ್ಲಿ ಪಾಚಿಗೆ ಹಬ್ಬ. ಆದರೆ ಕಡಲಿನ ಬಣ್ಣ ನೋಡುವ ಉಪಗ್ರಹಕ್ಕೆ ಮೋಡದಾಚೆಗೆ ಏನೂ ಕಾಣುವುದಿಲ್ಲ. ಮೋಡ ಸರಿದ ದಿನವೂ ನೇತ್ರಾವತಿಯಂಥ ನದಿಗಳು ತಂದು ಸುರಿದ ಕೆಂಪು ನೀರು ದಡದ ಹತ್ತಿರದ ಲೆಕ್ಕವನ್ನು ತಪ್ಪಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಣ್ಣದಿಂದ ವಿಷದ ಪತ್ತೆಯಾಗದು.

ವಿಷದ ಮಾತನ್ನು ಸುಮ್ಮನೆ ಎತ್ತುತ್ತಿಲ್ಲ. 1983ರಲ್ಲಿ ಮಂಗಳೂರಿನ ಆಸುಪಾಸಿನಲ್ಲಿ ಮರುವಾಯಿ ಎಂಬ ಚಿಪ್ಪುಮೀನು ತಿಂದವರು ಪಾಚಿಯ ವಿಷದಿಂದ ಅಸ್ವಸ್ಥರಾದುದನ್ನು ಸಂಶೋಧಕರು ದಾಖಲಿಸಿದ್ದಾರೆ. 1997ರಲ್ಲಿ ಕೇರಳದ ವಿಳಿಞಂನಲ್ಲಿ ಪಚ್ಚಿಲೆ ಎಂಬ ಇನ್ನೊಂದು ಚಿಪ್ಪುಮೀನು ತಿಂದು 7 ಮಂದಿ ಸತ್ತರು. ನೀರನ್ನು ಸೋಸಿ ತಿನ್ನುವ ಈ ಚಿಪ್ಪುಗಳ ಮಾಂಸದಲ್ಲಿ ಪಾಚಿಯ ವಿಷ ಶೇಖರವಾಗುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ರುಚಿಯಲ್ಲಾಗಲಿ ವಾಸನೆಯಲ್ಲಾಗಲಿ ಗೊತ್ತಾಗುವುದೂ ಇಲ್ಲ. ಬುಟ್ಟಿ ಮುಂದಿಟ್ಟುಕೊಂಡು ನೂರರ ಲೆಕ್ಕದಲ್ಲಿ ಮರುವಾಯಿ ಎಣಿಸಿಕೊಡುವ ಹೆಂಗಸಿಗೆ ಇದು ತಿಳಿಯುವ ಬಗೆ ಯಾವುದು?

ಆದ್ದರಿಂದ ರಾಜ್ಯ ಸರ್ಕಾರವು ಕಾರವಾರ, ಮಲ್ಪೆ ಮತ್ತು ಮಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆಯಾದರೂ ನೀರಿನ ಮತ್ತು ಚಿಪ್ಪುಮೀನಿನ ಮಾದರಿ ಪರೀಕ್ಷಿಸುವ ವ್ಯವಸ್ಥೆ ಮಾಡಬೇಕು, ಅದರ ಫಲಿತಾಂಶವನ್ನು ಇನ್‌ಕಾಯಿಸ್‌ಗೂ ಕಳಿಸಬೇಕು. ಮೀನು ಸಿಗುವ ಜಾಗದ ಮುನ್ಸೂಚನೆ ಈಗಾಗಲೇ ಕನ್ನಡದಲ್ಲಿ ಮೀನುಗಾರರಿಗೆ ಸಿಗುತ್ತಿರುವಾಗ ಪಾಚಿಯ ಎಚ್ಚರಿಕೆಯನ್ನೂ ಅದೇ ದಾರಿಯಲ್ಲಿ ತಲುಪಿಸುವುದು ಕಷ್ಟವಲ್ಲ. ಮಾದರಿ ತರಲು ಹೊಸ ಹಡಗು ಬೇಕಿಲ್ಲ. ಯಾಂತ್ರೀಕೃತ ಮೀನುಗಾರಿಕೆ ನಿಂತಿರುವ ಜೂನ್, ಜುಲೈ ತಿಂಗಳಲ್ಲೂ ಕಡಲು ಶಾಂತವಾದ ದಿನ ನೋಡಿ ನಾಡದೋಣಿಯವರು ಇಳಿಯುತ್ತಾರೆ, ಅವರ ಕೈಗೆ ನಾಲ್ಕು ಬಾಟಲಿಯನ್ನೂ ಒಂದು ದಿನದ ಕೂಲಿಯನ್ನೂ ಕೊಟ್ಟರೆ ಸಾಕು.

– ನಿವೃತ್ತ ಅಧ್ಯಾಪಕ, ಮಲ್ಪೆ