ಆ ಎರಡು ಸಂಜೆಗಳ ಮಾತು

ಚಿ. ಅಪಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಕೊನೆ ಕೊಯ್ಲು ಮುಗಿಯಿತು, ಯಲ್ಲಾಪುರದ ಬಿಸಿಲೂ ಈ ಸಲ ಅಡಿಕೆಗೆ ಅನುಕೂಲವಾಗಿದೆ. ನಿನ್ನ ದೊಡ್ಡಮ್ಮ ಮಗುವಿನ ಫೋಟೋವನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಾಳೆ.

ಕ್ಯಾಲಿಫೋರ್ನಿಯದ ಫ್ರೀಮಾಂಟಿನ ನಿನ್ನ ಮನೆಯಲ್ಲಿ ಕಳೆದ ಆರು ತಿಂಗಳಲ್ಲಿ ಎರಡು ಸಂಜೆಗಳು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಆಗಲೇ ಹೇಳಬೇಕಿತ್ತು. ನಿನ್ನ ಗೆಳೆಯರ ಎದುರು ಬೇಡವೆಂದು ಸುಮ್ಮನಾದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವನು ಹೀಗೆ ಸುಮ್ಮನಿದ್ದದ್ದು ಸರಿಯಲ್ಲವೆಂದು ಅನ್ನಿಸಿ ಈಗ ಬರೆಯುತ್ತಿದ್ದೇನೆ.

ಮೊದಲನೆಯದು ಆ ಶನಿವಾರ. ಊಟ ಮುಗಿಸಿ ನೀವೆಲ್ಲ ಕಮಾವ್ ಬೆಲ್‌ನ ‘ಯುನೈಟೆಡ್ ಶೇಡ್ಸ್ ಆಫ್ ಅಮೆರಿಕ’ ಸರಣಿಯ ಮೊದಲ ಕಂತು ಹಾಕಿದಿರಿ. 2016ರ ಏಪ್ರಿಲ್‌ನಲ್ಲಿ ಸಿಎನ್‌ಎನ್‌ನಲ್ಲಿ ಬಂದದ್ದು. ಕಪ್ಪು ಜನಾಂಗದ ಹಾಸ್ಯಗಾರನಾದ ಬೆಲ್, ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್‌ನವರನ್ನು ಹುಡುಕಿಕೊಂಡು ಹೋಗಿ, ಮುಸುಕು ಹಾಕಿದವರ ಎದುರು ನಿಂತು ಮಾತಾಡಿಸುತ್ತಾನೆ. ಅವರು ಶಿಲುಬೆಗೆ ಬೆಂಕಿ ಇಡುವುದನ್ನು ಅಲ್ಲೇ ನಿಂತು ನೋಡುತ್ತಾನೆ. ನಿನ್ನ ಒಬ್ಬ ಗೆಳೆಯ, ‘ಇಂಥವರಿಗೆ ಟೀವಿಯಲ್ಲಿ ಜಾಗ ಯಾಕೆ ಕೊಡಬೇಕು’ ಅಂದ. ಇನ್ನೊಬ್ಬಳು, ‘ಅಜ್ಜಂದಿರನ್ನು ಮರಕ್ಕೆ ನೇತುಹಾಕಿದವರ ಜೊತೆ ಇವನಿಗೆ ನಗು ಹೇಗೆ ಬರುತ್ತದೆ’ ಅಂದಳು. ಎರಡೂ ಯೋಚಿಸಿ ಆಡಿದ ಮಾತುಗಳು. ನೀನು ಮಾತ್ರ ಅರ್ಧಕ್ಕೇ ಎದ್ದು, ‘ಹಳೇ ಗಾಯ ಕೆರೆದು ಕೆರೆದು ಇವರೇ ಒಡಕು ಹೆಚ್ಚು ಮಾಡ್ತಾರೆ. ಕಷ್ಟಪಟ್ಟರೆ ಯಾರೂ ಮೇಲೆ ಬರಬಹುದು, ನಾವು ಬರಲಿಲ್ವಾ’ ಅಂದೆ. ಎಲ್ಲರೂ ತಲೆಯಾಡಿಸಿದರು.

ಎರಡನೆಯ ಸಂಜೆ ಅದಾದ ಮೂರು ವಾರಕ್ಕೆ. ಮಗು ಶಾಲೆಯಿಂದ ಅಳುತ್ತ ಬಂದಳು. ಯಾರೋ ಅವಳ ಡಬ್ಬಿಯ ಚಿತ್ರಾನ್ನ ನೋಡಿ ಮೂಗು ಮುಚ್ಚಿಕೊಂಡರಂತೆ, ಅಜ್ಜ ಮಾತಾಡುವ ಹಾಗೆ ಇಂಗ್ಲಿಷ್ ಎಳೆದು ಅಣಕಿಸಿದರಂತೆ. ಆ ರಾತ್ರಿ ನೀನು ಹರಿ ಕೊಂಡಬೋಲು ಎಂಬ ಹಾಸ್ಯಗಾರ 2017ರಲ್ಲಿ ಮಾಡಿದ ಸಾಕ್ಷ್ಯಚಿತ್ರ ಹಾಕಿದೆ. ‘ಸಿಂಪ್ಸನ್ಸ್’ ಕಾರ್ಟೂನಿನ ಅಪು ಎಂಬ ಭಾರತೀಯ ಅಂಗಡಿಯವನ ಕುರಿತದ್ದು. ಬಿಳಿಯ ನಟನೊಬ್ಬ ನಮ್ಮವರ ದನಿಯನ್ನು ಅಣಕಿಸುತ್ತ ಬಂದದ್ದು, ಅದೇ ಅಣಕ ಶಾಲೆಯಂಗಳದಲ್ಲಿ ಒಂದು ತಲೆಮಾರಿನ ಮಕ್ಕಳ ಬೆನ್ನು ಹತ್ತಿದ್ದು, ಎಲ್ಲ ಅದರಲ್ಲಿತ್ತು. ನೀನು ಕಣ್ಣು ಒರೆಸಿಕೊಂಡೆ. ‘ಯಾರಾದರೂ ಇದನ್ನು ಬಾಯಿಬಿಟ್ಟು ಹೇಳಲೇಬೇಕಿತ್ತು’ ಅಂದೆ. ಅದನ್ನೂ ‘ಒಂದು ಕಾರ್ಟೂನಿಗೆ ಇಷ್ಟು ರಂಪವೇ’ ಎಂದವರು ಬಹಳ ಮಂದಿ ಇದ್ದರು. ಆದರೂ ಆ ನಟ ಹ್ಯಾಂಕ್ ಅಜ಼ೇರಿಯಾ 2020ರಲ್ಲಿ ಇನ್ನು ಆ ದನಿ ಕೊಡುವುದಿಲ್ಲ ಎಂದ, ಮರುವರ್ಷ ಕ್ಷಮೆಯನ್ನೂ ಕೇಳಿದ.

ಅಪೀ, ಈ ಕೊಂಡಬೋಲುವೂ ಆ ಬೆಲ್ಲೂ ಹಳೆಯ ಜೊತೆಗಾರರು. ಬೆಲ್‌ನ ಮೊದಲಿನ ಟೀವಿ ಕಾರ್ಯಕ್ರಮಕ್ಕೆ ಬರೆಯುತ್ತಿದ್ದವರಲ್ಲಿ ಕೊಂಡಬೋಲು ಒಬ್ಬ. ಇಬ್ಬರೂ ಹಿಡಿದದ್ದು ಒಂದೇ ಕೆಲಸ. ಒಬ್ಬನದು ನಿನಗೆ ಗಾಯ ಕೆರೆಯುವುದಾಗಿ ಕಂಡಿತು, ಇನ್ನೊಬ್ಬನದು ಮದ್ದಾಗಿ ಕಂಡಿತು. ನಡುವೆ ಬದಲಾದದ್ದು ಏನು? ಮನೆಯ ಮಗು ಅತ್ತಿತು, ಅಷ್ಟೇ. ನಿನ್ನನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ಇದೊಂದು ಹೇಳದಿದ್ದರೆ ನಾನು ನಿನಗೆ ದೊಡ್ಡಪ್ಪನಾಗಿ ಏನು ಬಂತು?

ಬೆಲ್‌ನ ನಗುವಿನ ಬಗ್ಗೆ ನಿನ್ನ ಗೆಳತಿ ಕೇಳಿದ್ದಕ್ಕೆ ನನಗೊಂದು ಉತ್ತರ ಹೊಳೆಯುತ್ತದೆ. ನಮ್ಮ ಯಕ್ಷಗಾನದ ಆಟದಲ್ಲಿ ಅರಸನ ಮುಂದೆ ಉಳಿದವರೆಲ್ಲ ಕೈಕಟ್ಟಿ ನಿಂತಿರುವಾಗ ಚಾರಕನಾಗಿ ಬಂದ ಹಾಸ್ಯಗಾರನೊಬ್ಬನೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾನೆ. ಸಭೆ ನಗುತ್ತದೆ, ಅರಸನಿಗೂ ಕೇಳಿಸುತ್ತದೆ. ಬೆಲ್‌ನ ನಗುವಿನಲ್ಲಿ ನನಗೆ ಅದೇ ಕಂಡಿತು. ಜೊತೆಗೆ ಭಯವೂ ಕಂಡಿತು. ದೊಡ್ಡ ಆಳು, ಆದರೂ ಆ ಕತ್ತಲಲ್ಲಿ ಅವನ ನಗು ಬೇಗ ಬೇಗ ಬರುತ್ತಿತ್ತು. ಅರ್ಧಕ್ಕೇ ಎದ್ದುಹೋದವರಿಗೆ ಇದು ಕಾಣುವುದಿಲ್ಲ.

ಜಾಗ ಯಾಕೆ ಕೊಡಬೇಕು ಎಂದ ಹುಡುಗನ ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ. ಮುಸುಕು ಹಾಕಿದವನನ್ನು ತೋರಿಸಿದರೆ ನೋಡುವವನು ತಾನಾಗಿ ಎಚ್ಚರವಾಗುತ್ತಾನೆ. ಆದರೆ 2017ರಲ್ಲಿ, ಎರಡನೆಯ ವರ್ಷದ ಮೊದಲ ಕಂತಿನಲ್ಲೇ, ಬೆಲ್ ರಿಚರ್ಡ್ ಸ್ಪೆನ್ಸರ್‌ನನ್ನು ಮಾತಾಡಿಸಿದ. ಕೋಟು ಹಾಕಿಕೊಂಡು, ಓದಿದವರ ಭಾಷೆಯಲ್ಲಿ ಅದೇ ವಿಷವನ್ನು ಹಂಚುವವನು. ಆಗಲೂ ನೋಡುಗರು ಬಹಳ ಆಕ್ಷೇಪಿಸಿದರು, ನನಗೆ ಅವರ ಕಡೆ ನ್ಯಾಯವಿದೆ ಅನ್ನಿಸುತ್ತದೆ. ಅಂಥವನ ಎದುರು ನಗು ಸಾಲದು. ಅದೇ ಆಗಸ್ಟ್‌ನಲ್ಲಿ ಷಾರ್ಲಟ್ಸ್‌ವಿಲ್‌ನಲ್ಲಿ ಅವನಂಥವರು ಸೇರಿದ ದಿನ, ಅವರನ್ನು ವಿರೋಧಿಸಿ ಬಂದವರ ಮೇಲೆ ಒಬ್ಬ ಕಾರು ನುಗ್ಗಿಸಿದ, ಒಂದು ಹೆಣ್ಣುಮಗಳ ಜೀವ ಹೋಯಿತು.

ಇನ್ನು ‘ನಾವು ಬರಲಿಲ್ವಾ’ ಎಂದೆಯಲ್ಲ, ಆ ಮಾತು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವನು. ಅವನ ಪೌರತ್ವದ ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. ಆಗ ಅವನ ಕಡೆಯವರು ಹೂಡಿದ ವಾದ ಏನು ಗೊತ್ತೇ? ಇವನು ಮೇಲ್ಜಾತಿಯವನು, ಆರ್ಯ, ಆದ್ದರಿಂದ ಬಿಳಿಯನೇ; ಅಮೆರಿಕದವರು ಕಪ್ಪು ಜನರನ್ನು ಕಾಣುವಂತೆ ಇವನ ಜಾತಿಯವರು ಭಾರತದ ಮೂಲನಿವಾಸಿಗಳನ್ನು ಕಾಣುತ್ತಾರೆ ಎಂದು. ನಾವು ನಿಮ್ಮವರೇ, ಅವರ ಜೊತೆ ಸೇರಿಸಬೇಡಿ ಎಂದು ಬೇಡಿದ ಹಾಗೆ. 1923ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಆಗಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವ್ಯಾಪಾರ ಮಾಡಿಕೊಂಡಿದ್ದ ವೈಷ್ಣೋ ದಾಸ್ ಬಗಾಯಿ ಪೌರತ್ವ ಕಳೆದುಕೊಂಡು, ದಿಕ್ಕು ತೋರದೆ 1928ರಲ್ಲಿ ಜೀವ ತೆಗೆದುಕೊಂಡ. ಆ ಸಂಸಾರ ಹಿಂದೆ ಬರ್ಕ್‌ಲಿಯಲ್ಲಿ ಮನೆ ಕೊಂಡು ಸಾಮಾನು ತಂದಾಗ ನೆರೆಯವರು ಬೀಗ ಜಡಿದು ಒಳಗೆ ಬಿಡದೆ ಓಡಿಸಿದ್ದರು.

ನಾವು ವಾರದ ಕೊನೆಗೆ ದೋಸೆ ತಿನ್ನಲು ಹೋಗುತ್ತಿದ್ದ ಅದೇ ಬರ್ಕ್‌ಲಿ. ಬೆಲ್‌ನಿಗೂ ಅವಮಾನವಾದದ್ದು ಅಲ್ಲೇ, 2015ರಲ್ಲಿ. ಕಾಫಿ ಅಂಗಡಿಯ ಹೊರಗೆ ಕೂತಿದ್ದ ತನ್ನ ಹೆಂಡತಿಯ ಜೊತೆ ಮಾತಾಡುತ್ತಿದ್ದಾಗ, ಏನೋ ಮಾರಲು ಬಂದವನೆಂದು ಬಗೆದು ಅಂಗಡಿಯವರು ಕಿಟಕಿ ತಟ್ಟಿ ಹೋಗೆಂದರು. ಹೆಂಡತಿ ಬಿಳಿಯಳು.

ಮತ್ತೆ ನಮಗೆ ಬಾಗಿಲು ತೆರೆದದ್ದು ಯಾವಾಗ? 1946ರಲ್ಲಿ ಒಂದು ಸಣ್ಣ ಸಂದಿ, ವರ್ಷಕ್ಕೆ ನೂರು ಜನಕ್ಕೆ. ಪೂರ್ತಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾನೂನು, 1965ರಲ್ಲೇ ಮತದಾನದ ಹಕ್ಕಿನ ಕಾನೂನು. ಕಪ್ಪು ಜನ ಲಾಠಿ, ನಾಯಿ, ಜೈಲು ಎಲ್ಲ ಉಂಡು ಎಬ್ಬಿಸಿದ ಗಾಳಿಗೇ ಆ ಬಾಗಿಲೂ ತೆರೆದುಕೊಂಡಿತು. ನಿನ್ನ ವೀಸಾ ನಿನ್ನ ಅಂಕಪಟ್ಟಿಯಿಂದ ಬಂತು, ನಿಜ. ಆ ಅಂಕಪಟ್ಟಿಯನ್ನು ತೆಗೆದು ನೋಡುವಂತೆ ಮಾಡಿದವರು ಅವರು.

ಈಗ ನಮ್ಮ ಮನೆಯ ಮಾತು. ನಿನ್ನ ಅಪ್ಪ ಇದನ್ನು ನಿನಗೆ ಹೇಳಿರಲಾರ. ನಾವು ಸಣ್ಣವರಿದ್ದಾಗ ನಮ್ಮ ತೋಟಕ್ಕೆ ಸಿದ್ದಿಗಳು ಕೆಲಸಕ್ಕೆ ಬರುತ್ತಿದ್ದರು. ಪೋರ್ಚುಗೀಸರೂ ಇತರರೂ ಆಫ್ರಿಕದಿಂದ ಗುಲಾಮರಾಗಿ ತಂದವರ ವಂಶದವರು, ತಪ್ಪಿಸಿಕೊಂಡು ಬಂದು ನಮ್ಮ ಈ ಕಾಡಲ್ಲಿ ನೆಲೆಸಿದವರು. ಅವರಿಗೆ ಚಾ ಕೊಡುತ್ತಿದ್ದದ್ದು ಅಂಗಳದಾಚೆ, ತೆಂಗಿನ ಗರಟೆಯಲ್ಲಿ. ಗರಟೆಯನ್ನು ಹಿಡಿದುಕೊಂಡು ಹೋಗುತ್ತಿದ್ದವನು ನಾನು. ನನ್ನ ವಯಸ್ಸಿನದೇ ಒಬ್ಬ ಹುಡುಗ ಅಪ್ಪನ ಜೊತೆ ಬರುತ್ತಿದ್ದ. ಅವನ ಕೂದಲನ್ನು ನಾನು ಆಡಿಕೊಂಡದ್ದು ಈಗಲೂ ನೆನಪಿದೆ. ಅವನು ನಕ್ಕಿದ್ದ. ಆ ನಗು ಎಂಥದು ಎಂದು ನನಗೆ ಗೊತ್ತಾದದ್ದು ನಿನ್ನ ಮನೆಯ ಸೋಫಾದ ಮೇಲೆ ಕೂತು ಬೆಲ್‌ನನ್ನು ನೋಡಿದಾಗ.

2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ನಮ್ಮ ತಾಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಆದರೆ ಬೆಲ್‌ನ ಸರಣಿ ಶುರುವಾದ 2016ರ ಆರಂಭದಲ್ಲೇ ಬೆಂಗಳೂರಿನಲ್ಲಿ, ಬೇರೆ ಯಾರದೋ ಕಾರಿನ ಅಪಘಾತಕ್ಕೆ ಸಿಟ್ಟಾದ ಗುಂಪು ಏನೂ ಅರಿಯದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಹೊಡೆಯಿತು. ಚರ್ಮದ ಬಣ್ಣ ಒಂದೇ ಎಂಬುದಷ್ಟೇ ಕಾರಣ.

ಮಗು ನಿನ್ನನ್ನು ಕೇಳಿದಳಲ್ಲ, ‘ಅಪ್ಪಾ, ನಾನು ಬ್ಲಾಕಾ, ವೈಟಾ’ ಎಂದು. ನೀನು ಮಾತು ತೇಲಿಸಿದೆ. ಅವಳು ಮತ್ತೆ ಕೇಳುತ್ತಾಳೆ. ಬೆಲ್‌ನ ಸರಣಿ 2022ರವರೆಗೂ ನಡೆಯಿತು, ಏಳು ವರ್ಷದ್ದಿದೆ. ಕೆಲವು ಕಂತು ತೆಳುವಾಗಿಯೂ ಇರುತ್ತವೆ, ಒಂದೊಂದರಲ್ಲಿ ಒಂದಿಡೀ ಸಮುದಾಯವನ್ನು ಮುಗಿಸಿಬಿಡುವ ಅವಸರವಿದೆ. ಇರಲಿ. ಸ್ಯಾನ್ ಕ್ವೆಂಟಿನ್ ಜೈಲಿನ ಕಂತನ್ನು ಕೊನೆಯವರೆಗೂ ನೋಡು, ಒಬ್ಬನೇ ಕೂತು. ಸಿಖ್ಖರ ಕುರಿತದ್ದೂ ಒಂದಿದೆ, ಅದನ್ನು ಬೇಕಾದರೆ ಆಮೇಲೆ ನೋಡು.

2020ರಲ್ಲಿ ಬರ್ಕ್‌ಲಿಯ ಒಂದು ಬೀದಿಗೆ ವೈಷ್ಣೋ ದಾಸರ ಹೆಂಡತಿ ಕಲಾ ಬಗಾಯಿಯ ಹೆಸರಿಟ್ಟಿದ್ದಾರೆ. ಮುಂದಿನ ಸಲ ದೋಸೆಗೆ ಹೋದಾಗ ಮಗುವನ್ನು ಆ ಫಲಕದ ಹತ್ತಿರ ನಿಲ್ಲಿಸಿ ಒಂದು ಫೋಟೋ ತೆಗೆದು ಕಳಿಸು. ದೊಡ್ಡಮ್ಮನಿಗೆ ತೋರಿಸಬೇಕು.

ಇಂತಿ ನಿನ್ನ,
ದೊಡ್ಡಪ್ಪ