ಕವಳದ ಹರಿವಾಣ ಅಟ್ಟ ಸೇರಿದೆ

ಕೂಸೇ,

"ಅಪ್ಪಯ್ಯ ಕವಳ ಬಿಟ್ಟನಂತೆ, ಇನ್ನು ನಮ್ಮ ಮಲೆನಾಡಿನ ಸಾಗರದಲ್ಲಿ ಮಳೆ ನಿಂತ ಹಾಗೇ" ಅಂತ ಮೊನ್ನೆ ಫೋನಿನಲ್ಲಿ ನಕ್ಕೆಯಲ್ಲ, ನಿಜ ಅದು. ಎಲೆಯಡಿಕೆ ಬಾಯಿಗೆ ಹಾಕದೆ 23 ದಿನ ಆಯಿತು. ಬಾಯಿ ಚಪ್ಪೆ ಅನಿಸಿದಾಗ ಒಂದು ಏಲಕ್ಕಿ ಜಗಿಯುತ್ತೇನೆ. ಫೋನಿನಲ್ಲಿ ಹೇಳಿದರೆ ನೀನು ತಮಾಷೆಗೆ ಇಳಿಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡಪ್ಪನಿಗೆ ಅನ್ನನಾಳದ ಕ್ಯಾನ್ಸರ್ ಆಗಿತ್ತು ಅಂತಷ್ಟೇ ನಿನಗೆ ಗೊತ್ತು. ಅದು ಶುರುವಾದದ್ದು ಅಕ್ಕಿರೊಟ್ಟಿಯಿಂದ. ತುತ್ತು ಎದೆಯ ಹತ್ತಿರ ನಿಂತ ಹಾಗೆ ಆಗುತ್ತೆ ಅಂದ. ಒಂದು ಗುಟುಕು ನೀರು ಕುಡಿದ, ಇಳಿಯಿತು. ಆಮೇಲೆ ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ತಿನ್ನತೊಡಗಿದ. ಇನ್ನೂ ಸ್ವಲ್ಪ ದಿನಕ್ಕೆ ರೊಟ್ಟಿಯೇ ಬೇಡವಾಯಿತು, ಕಿವುಚಿದ ಮಜ್ಜಿಗೆ ಅನ್ನ. ಕೊನೆಗೆ ಗಂಜಿ. ಹಲ್ಲು ಹೋಗಿದೆ, ಅದಕ್ಕೇ ಇರಬೇಕು ಅಂತ ನಾವೆಲ್ಲ ಸುಮ್ನಿದ್ದೆವು. ಪಂಚೆ ಸೊಂಟದಲ್ಲಿ ನಿಲ್ಲದ ಹಾಗಾದ ಮೇಲೆ ಎಂಡೋಸ್ಕೋಪಿ ಮಾಡಿಸಿದ್ದು. ಅನ್ನನಾಳ ಸುಮಾರು 25 ಸೆಂಟಿಮೀಟರಿನ ಕೊಳವೆ, ಚೆನ್ನಾಗಿ ಹಿಗ್ಗುತ್ತೆ. ಗಡ್ಡೆ ಸಾಕಷ್ಟು ಬೆಳೆಯುವ ತನಕ ಗೊತ್ತೇ ಆಗುವುದಿಲ್ಲ.

ದೊಡ್ಡಪ್ಪ ಕವಳಕ್ಕೆ ಹೊಗೆಸೊಪ್ಪು ಹಾಕುತ್ತಿದ್ದ. ಪೇಟೆಗೆ ಹೋದ ದಿನ ಒಂದಿಷ್ಟು ಕುಡಿತವೂ ಇತ್ತು. ಇವೆರಡೂ ಸೇರಿದರೆ ಅಪಾಯ ಕೂಡುವುದಲ್ಲ, ಗುಣಿಸುತ್ತೆ. ನನಗೆ ಎರಡೂ ಇರಲಿಲ್ಲ, ಅದೇ ನನ್ನ ಜಂಬ. "ಬರೀ ಎಲೆ, ಅಡಿಕೆ, ಸುಣ್ಣ" ಅಂತ ನಿನ್ನಮ್ಮನ ಬಾಯಿ ಮುಚ್ಚಿಸುತ್ತಿದ್ದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತು ಅಂತ ಹೇಳಿದೆ. ಅದೇ ಅಡಿಕೆ ಮಾರಿ ನಿನ್ನ ಕಾಲೇಜು ಫೀಸು ಕಟ್ಟಿದವನು ನಾನು. ಬರೆಯುವಾಗ ಕೈ ತಡೆಯುತ್ತೆ. ಅಡಿಕೆ ಮಂಡಿಯಲ್ಲಿ ಈ ಮಾತು ಆಡುವ ಧೈರ್ಯ ಇನ್ನೂ ಬಂದಿಲ್ಲ.

ಇನ್ನು ನಿನ್ನ ಕಾಫಿ. ಹೊಗೆಯಾಡುವಾಗಲೇ ಕುಡಿಯುವ ಚಟ ನನ್ನಿಂದಲೇ ಬಂದದ್ದು, ಒಪ್ಪುತ್ತೇನೆ. 65 ಡಿಗ್ರಿಗಿಂತ ಬಿಸಿಯಾದ ಯಾವ ಪಾನೀಯವೂ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವ ಇದೆ ಅಂತ 2016ರಲ್ಲಿ ಅದೇ ವಿಭಾಗ ಹೇಳಿತು. ಇರಾನಿನ ಗೋಲೆಸ್ತಾನ್ ಕಡೆ ಸುಡುಸುಡು ಚಹಾ ಕುಡಿಯುವವರಲ್ಲಿ ಈ ಕಾಯಿಲೆ ಜಾಸ್ತಿ. ತಪ್ಪು ಕಾಫಿಯದೂ ಅಲ್ಲ, ಚಹಾದ್ದೂ ಅಲ್ಲ, ಬಿಸಿಯದು. ಅಜ್ಜಿ ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹುಯ್ದು ಕೊಡುತ್ತಿದ್ದಳಲ್ಲ, ಅಷ್ಟು ಸಾಕು. ನಿಮ್ಮ ಆಫೀಸಿನ ಕಪ್ಪಿನ ಮುಚ್ಚಳ ತೆಗೆದಿಟ್ಟು ಐದು ನಿಮಿಷ ಕಾಯಿ.

ಎದೆಯುರಿಗೆ ನೀನಾಗೇ ಮಾತ್ರೆ ನುಂಗುವುದು ಮಾತ್ರ ನನಗೆ ಹಿಡಿಸಿಲ್ಲ. ಎದೆಯುರಿ ಇದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಬರುವುದು ತೀರಾ ಕಡಿಮೆ ಜನಕ್ಕೆ. ಆದರೆ ವರ್ಷಗಟ್ಟಲೆ ಹೊಟ್ಟೆಯ ಹುಳಿ ಮೇಲೆ ಬರುತ್ತಿದ್ದರೆ ಅನ್ನನಾಳದ ಕೆಳತುದಿಯ ಒಳಪದರ ಬದಲಾಗಬಹುದು. ಹೊಟ್ಟೆಯ ಬೊಜ್ಜು, ಸಿಗರೇಟು ಇದ್ದರೆ ಇನ್ನೂ ಕಷ್ಟ. ರಾತ್ರಿ ಹನ್ನೊಂದಕ್ಕೆ ಉಂಡು ಹಾಗೇ ಮಲಗಬೇಡ. ಒಂದು ಸಲ ಡಾಕ್ಟರಿಗೆ ತೋರಿಸು.

ಈ ಸಲ ಅಡಿಕೆ ಸುಲಿಯುವ ಹೊತ್ತಿಗೆ ನಾಲ್ಕು ದಿನ ರಜೆ ಹಾಕಿ ಬಾ. ರಾತ್ರಿ ಸುಲಿಯಲು ಕೂತವರ ನಡುವೆ ಹರಿವಾಣ ಸುತ್ತು ಬರುತ್ತೆ. ಆಗ ಬೇಡ ಅನ್ನುವುದಕ್ಕೆ ಪಕ್ಕದಲ್ಲಿ ನೀನಿದ್ದರೆ ಒಳ್ಳೆಯದು.

ನಿನ್ನ ಅಪ್ಪಯ್ಯ