ಲೋಟದಲ್ಲಿ ನೀರಷ್ಟೇ ಇರಲಿ, ಪೌಷ್ಟಿಕತೆಯನ್ನು ತಟ್ಟೆಯಲ್ಲಿ ಹುಡುಕೋಣ

ಮಾನ್ಯ ಸಂಪಾದಕರೇ,

ಶಾಲೆಗಳು ತೆರೆಯುವ ಹೊತ್ತಿಗೆ ಮಕ್ಕಳ ಪಾನೀಯಗಳ ಜಾಹೀರಾತುಗಳು ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಹೆಚ್ಚಾಗುವುದು ಪ್ರತಿವರ್ಷದ ಸಂಗತಿ. ಅವುಗಳನ್ನು ನೋಡುವ ತಂದೆತಾಯಂದಿರಲ್ಲಿ ಒಂದು ಅಳುಕು ಹುಟ್ಟಿಕೊಳ್ಳುತ್ತದೆ. ಮಗು ಹಾಲು ಮುಟ್ಟುವುದಿಲ್ಲ, ಹಾಲಿಗೆ ಬೆರೆಸುವ ಪುಡಿಯನ್ನೂ ಒಲ್ಲೆ ಎನ್ನುತ್ತದೆ, ಬಾಯಾರಿದಾಗ ನೀರು ಬಿಟ್ಟು ಬೇರೇನನ್ನೂ ಕೇಳುವುದಿಲ್ಲ, ಹೀಗಾದರೆ ಮೈಗೆ ಶಕ್ತಿ ಎಲ್ಲಿಂದ ಬರಬೇಕು ಎಂಬ ಚಿಂತೆ ಅದು. ಟೀ, ಕಾಫಿ ಬಿಟ್ಟ ಹಿರಿಯರನ್ನೂ ಮನೆಯವರು ಇದೇ ಆತಂಕದಿಂದ ನೋಡುತ್ತಾರೆ. ಹಲವು ವರ್ಷ ಗೃಹವಿಜ್ಞಾನ ಬೋಧಿಸಿದವಳಾಗಿ ನಾನು ಹೇಳಬಯಸುವುದು ಇಷ್ಟು: ಆರೋಗ್ಯವಂತರಾದ ದೊಡ್ಡವರು ಮತ್ತು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಕುಡಿಯುವುದಕ್ಕೆ ನೀರನ್ನಷ್ಟೇ ಬಳಸಿಯೂ ಯಾವ ಪೋಷಕಾಂಶದ ಕೊರತೆಯೂ ಇಲ್ಲದೆ ಇರಬಹುದು, ಆದರೆ ಊಟದ ತಟ್ಟೆ ತನ್ನ ಪಾಲಿನ ಕೆಲಸವನ್ನು ಪೂರ್ತಿಯಾಗಿ ಮಾಡಬೇಕು.

ಮಾತು ತಪ್ಪು ದಾರಿ ಹಿಡಿಯದಿರಲೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ಊಟ ಬಿಟ್ಟು ನೀರನ್ನಷ್ಟೇ ಕುಡಿದುಕೊಂಡು ದಿನಗಟ್ಟಲೆ ಇರುವ ಈಚಿನ 'ವಾಟರ್ ಫಾಸ್ಟಿಂಗ್' ಗೀಳಿಗೆ ಈ ಪತ್ರದ ಬೆಂಬಲವಿಲ್ಲ. ನೀರಿನಲ್ಲಿ ಕ್ಯಾಲೊರಿಯೂ ಇಲ್ಲ, ಪ್ರೋಟೀನೂ ಇಲ್ಲ, ವಿಟಮಿನ್ನೂ ಇಲ್ಲ. ಏಕಾದಶಿಯ ಒಂದು ದಿನದ ಉಪವಾಸವನ್ನು ಆರೋಗ್ಯವಂತ ದೇಹ ತಾಳಿಕೊಳ್ಳುತ್ತದೆ. ಆದರೆ ತೂಕ ಇಳಿಸುವ ಆಸೆಯಿಂದ ವಾರಗಟ್ಟಲೆ ಅನ್ನಾಹಾರ ಬಿಟ್ಟವರಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ದೇಹದಲ್ಲಿ ಅಲ್ಪ ಪ್ರಮಾಣದಲ್ಲಷ್ಟೇ ಸಂಗ್ರಹವಾಗಿರುವ ಥಯಾಮಿನ್ (ಬಿ1 ವಿಟಮಿನ್) ಎರಡು ಮೂರು ವಾರಗಳಲ್ಲಿ ಬರಿದಾಗತೊಡಗುತ್ತದೆ. ಅಂಥವರು ಒಮ್ಮೆಲೇ ಹೊಟ್ಟೆ ತುಂಬ ಉಂಡರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ಏರುಪೇರಾಗಬಹುದು. ಮೊಬೈಲಿನಲ್ಲಿ ನೋಡಿ ಮಾಡುವ ಪ್ರಯೋಗ ಇದಲ್ಲ.

ಹಾಲು ಕುಡಿಯದವರ ಬಗ್ಗೆ ಮೊದಲು ಏಳುವ ಪ್ರಶ್ನೆ ಕ್ಯಾಲ್ಸಿಯಂನದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, 4ರಿಂದ 6 ವರ್ಷದ ಮಕ್ಕಳಿಗೆ 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 200 ಮಿಲಿಲೀಟರಿನ ಒಂದು ಲೋಟ ಹಸುವಿನ ಹಾಲಿನಲ್ಲಿ ದೊರೆಯುವುದು ಸುಮಾರು 240 ಮಿಲಿಗ್ರಾಂ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇರುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಅಂಶದಿಂದಾಗಿ ಅದರ ಕ್ಯಾಲ್ಸಿಯಂ ಹಾಲಿನದರಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲವೆಂಬುದು ನಿಜ. ಆದರೆ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿಯೂ ರಾತ್ರಿ ಹುಳಿ ಬರಿಸಿದ ಹಿಟ್ಟಿನಲ್ಲಿಯೂ ಈ ಅಡ್ಡಿ ಬಹಳಮಟ್ಟಿಗೆ ಕಡಿಮೆಯಾಗುತ್ತದೆ. ನಮ್ಮ ಅಜ್ಜಿಯರು ಕಾರಣ ತಿಳಿಯದೆಯೂ ಇದನ್ನೇ ಮಾಡುತ್ತಿದ್ದರು. ಇದಕ್ಕೆ ನುಗ್ಗೆಸೊಪ್ಪು, ಕರಿಬೇವು, ಉತ್ತರ ಕರ್ನಾಟಕದ ಮನೆಗಳಲ್ಲಿ ತಪ್ಪದೇ ಇರುವ ಗುರೆಳ್ಳು ಚಟ್ನಿಪುಡಿ, ಎಳ್ಳುಂಡೆ, ಕರಾವಳಿಯಲ್ಲಿ ಮುಳ್ಳಿನ ಸಮೇತ ತಿನ್ನುವ ಚಿಕ್ಕ ಮೀನು ಇವು ಸೇರಿದರೆ ಹಾಲಿನ ಲೋಟ ಇಲ್ಲದೆಯೂ ಲೆಕ್ಕ ಸರಿಹೋಗುತ್ತದೆ. ಪಾಲಕ್ ಸೊಪ್ಪನ್ನು ಮಾತ್ರ ಈ ಪಟ್ಟಿಯಲ್ಲಿ ಸೇರಿಸುವಂತಿಲ್ಲ, ಏಕೆಂದರೆ ಅದರ ಕ್ಯಾಲ್ಸಿಯಂನ ಬಹುಪಾಲನ್ನು ಅದರಲ್ಲೇ ಇರುವ ಆಕ್ಸಲೇಟ್ ಹಿಡಿದಿಟ್ಟುಕೊಂಡಿರುತ್ತದೆ.

ರಾಗಿಯಿಂದ ಬಿಳಿ ಅನ್ನಕ್ಕೆ ಬಂದ ಮನೆಗಳೇ ಆಮೇಲೆ ಮಕ್ಕಳ ಮೂಳೆ ಗಟ್ಟಿಯಾಗಲೆಂದು ಡಬ್ಬಿಯ ಪುಡಿಗೆ ನೂರಾರು ರೂಪಾಯಿ ಕೊಡುವುದನ್ನು ನಾನು ನಮ್ಮ ಜಿಲ್ಲೆಯಲ್ಲಿ ನೋಡುತ್ತಲೇ ಬಂದಿದ್ದೇನೆ.

ಹಾಲನ್ನು ಕುಡಿಯದಿರುವುದಕ್ಕೂ ಹಾಲಿನ ಪದಾರ್ಥಗಳನ್ನೇ ಬಿಡುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ದಕ್ಷಿಣ ಭಾರತದ ವಯಸ್ಕರಲ್ಲಿ ಅನೇಕರಿಗೆ ಹಾಲಿನ ಲ್ಯಾಕ್ಟೋಸ್ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಕಡಿಮೆ ಇರುತ್ತದೆ. ಅಂಥವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಮೊಸರು ಉಂಡರೆ ಅಷ್ಟು ತೊಂದರೆಯಿಲ್ಲ. ಮೊಸರನ್ನ ತಿಂದು ನೀರು ಕುಡಿಯುವ ಮಗುವಿಗೆ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಮತ್ತು ಬಿ12 ವಿಟಮಿನ್ ಸಿಕ್ಕಂತೆಯೇ. ಈ ಬಿ12 ವಿಷಯದಲ್ಲಿ ಮಾತ್ರ ಸಡಿಲ ಬಿಡುವಂತಿಲ್ಲ. ಅದು ಸೊಪ್ಪು, ಕಾಳು, ಧಾನ್ಯಗಳಲ್ಲಿ ಇರುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಇವುಗಳಿಂದಲೇ ಬರಬೇಕು. ಇವೆಲ್ಲವನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಮಾತ್ರೆಯನ್ನಾದರೂ ತೆಗೆದುಕೊಳ್ಳಬೇಕೇ ಹೊರತು ನೀರಿನಿಂದಾಗಲಿ ಹಣ್ಣಿನ ರಸದಿಂದಾಗಲಿ ಈ ಕೊರತೆ ತುಂಬುವುದಿಲ್ಲ. ಇದೇ ಕಾರಣಕ್ಕೆ ಶಾಲೆಗಳಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯವನ್ನೂ 2024ರಿಂದ ವಾರದ ಆರು ದಿನಕ್ಕೆ ವಿಸ್ತರಿಸಿದ ಮೊಟ್ಟೆಯ ಯೋಜನೆಯನ್ನೂ ನಾನು ಸ್ವಾಗತಿಸುತ್ತೇನೆ. ಮನೆಯ ತಟ್ಟೆಯಲ್ಲಿ ಬೇಳೆಯೇ ತೆಳ್ಳಗಿರುವ ಮಗುವಿಗೆ ಅಲ್ಲಿ ಸಿಗುವ ಹಾಲು ಬಾಯಾರಿಕೆಗೆ ಕೊಡುವ ಪಾನೀಯವಲ್ಲ, ಒಂದು ಹೊತ್ತಿನ ಆಹಾರದ ಭಾಗ.

ಡಬ್ಬಿಯ ಪುಡಿಗಳ ಕಥೆ ಬೇರೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ 'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ಇಲ್ಲ. ಇದನ್ನು ಉಲ್ಲೇಖಿಸಿ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು ಆ ಹೆಸರಿನ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಸೂಚಿಸಿತು. ಪುಡಿಯ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆಯಿದ್ದವರಿಗೆ, ಅನೇಕ ಪುಡಿಗಳಲ್ಲಿ ಸಕ್ಕರೆಯ ಪಾಲು ಎಷ್ಟು ದೊಡ್ಡದೆಂಬುದು ಗೊತ್ತಾಗುತ್ತದೆ. ಅದನ್ನು ಹಾಕಿಕೊಂಡು ಕುಡಿದಾಗ ಸಿಗುವ ಪ್ರೋಟೀನ್ ಮತ್ತು ಕ್ಯಾಲ್ಸಿಯಂನ ಹೆಚ್ಚಿನ ಭಾಗ ಬರುವುದು ಪುಡಿಯಿಂದಲ್ಲ, ಅದನ್ನು ಬೆರೆಸಿದ ಹಾಲಿನಿಂದ. ಪ್ಯಾಕೆಟ್ಟಿನ ಹಣ್ಣಿನ ರಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದಪ್ಪ ಸಾರಕ್ಕೆ ನೀರು ಬೆರೆಸಿ ತಯಾರಿಸಿದ ರಸದ ಮೇಲೆ 'ಶೇ 100 ಹಣ್ಣಿನ ರಸ' ಎಂದು ಬರೆಯಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2024ರ ಜೂನ್‌ನಲ್ಲಿ ಆದೇಶಿಸಬೇಕಾಯಿತು. ಒಂದು ಸೀಬೆಹಣ್ಣು ತಿಂದು ಮೇಲೆ ನೀರು ಕುಡಿದರೆ ನಾರೂ ಸಿ ವಿಟಮಿನ್ನೂ ಎರಡೂ ಸಿಗುತ್ತವೆ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಟೀ ಕುರಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಸೊಪ್ಪು, ಕಾಳು, ಧಾನ್ಯಗಳಲ್ಲಿರುವ ಕಬ್ಬಿಣಾಂಶ ಮೊದಲೇ ಕಷ್ಟದಿಂದ ಮೈಗೆ ಹತ್ತುವಂಥದ್ದು. ಟೀ, ಕಾಫಿಯಲ್ಲಿರುವ ಟ್ಯಾನಿನ್ ಅದನ್ನು ಇನ್ನಷ್ಟು ತಡೆಯುತ್ತದೆ. ಆದುದರಿಂದಲೇ 2024ರ ಮೇ ತಿಂಗಳಲ್ಲಿ ಬಿಡುಗಡೆಯಾದ ಭಾರತೀಯರ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯವರೆಗೆ ಟೀ, ಕಾಫಿ ಬೇಡವೆಂದು ಹೇಳಲಾಗಿದೆ. ಆದರೆ ನಮ್ಮಲ್ಲಿ ನಡೆಯುವುದೇನು? ಬೆಳಗಿನ ಪಾಳಿಗೆ ಓಡುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕೂಲಿಗೆ ಹೊರಡುವ ಹೆಂಗಸರು ಟೀ ಮತ್ತು ಬನ್ನಿನಲ್ಲಿ ತಿಂಡಿಯನ್ನೇ ಮುಗಿಸುತ್ತಾರೆ. ಹನ್ನೊಂದು ಗಂಟೆಯ ಹಸಿವನ್ನು ಇನ್ನೊಂದು ಟೀ ಅಡಗಿಸುತ್ತದೆ. ಮಧ್ಯಾಹ್ನ ಉಂಡ ಸೊಪ್ಪಿನ ಸಾರಿನ ಹಿಂದೆಯೇ ಮತ್ತೊಂದು. ಪ್ರತಿ ಲೋಟಕ್ಕೆ ಎರಡು ಚಮಚೆಯಂತೆ ಮೂರು ಟೀಗೆ ಸುಮಾರು 30 ಗ್ರಾಂ ಸಕ್ಕರೆಯಾಯಿತು. ದಿನವಿಡೀ ಹೊಟ್ಟೆಗೆ ಏನೋ ಬಿದ್ದ ಸಮಾಧಾನವಿರುತ್ತದೆ, ರಕ್ತಕ್ಕೆ ಬೇಕಾದದ್ದು ಮಾತ್ರ ಬಿದ್ದಿರುವುದಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಬೆಳಗಿನ ಟೀ ಜೊತೆಗೇ ನುಂಗುವ ಬಸುರಿಯರೂ ಇದ್ದಾರೆ. ಆ ಮಾತ್ರೆಯನ್ನು ನೀರಿನೊಂದಿಗೆ ತೆಗೆದುಕೊಂಡು, ಸೊಪ್ಪಿನ ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಅದೇ ಖರ್ಚಿನಲ್ಲಿ ದೊರೆಯುವ ಕಬ್ಬಿಣಾಂಶ ಗಣನೀಯವಾಗಿ ಹೆಚ್ಚುತ್ತದೆ. ನೀರಿನ ದೊಡ್ಡ ಗುಣವೇ ಇದು: ಅದು ತಾನು ಹೆಚ್ಚೇನೂ ಕೊಡದಿದ್ದರೂ ಊಟ ಕೊಟ್ಟದ್ದಕ್ಕೆ ಅಡ್ಡ ಬರುವುದಿಲ್ಲ. ದಿನದ ಟೀ ಪೂರ್ತಿ ಬಿಡಿ ಎಂದು ಯಾರಿಗೂ ಉಪದೇಶಿಸುವ ಧೈರ್ಯ ನನಗಿಲ್ಲ. ತಿಂಡಿಯ ಜಾಗದಲ್ಲಿ ಅದು ಕೂರದಿರಲಿ ಎಂಬುದಷ್ಟೇ ನನ್ನ ಕೋರಿಕೆ.

ನೀರು ಹೆಚ್ಚೇನೂ ಕೊಡುವುದಿಲ್ಲವೆಂದೆ, ಏನೂ ಕೊಡುವುದಿಲ್ಲವೆಂದಲ್ಲ. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಭಾರತೀಯ ಮಾನಕ ಸಂಸ್ಥೆಯು ಕುಡಿಯುವ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 75 ಮಿಲಿಗ್ರಾಂವರೆಗೆ ಇರಬಹುದೆಂದೂ, ಬೇರೆ ಮೂಲವಿಲ್ಲದಿದ್ದರೆ 200 ಮಿಲಿಗ್ರಾಂವರೆಗೂ ಆಗಬಹುದೆಂದೂ ಹೇಳುತ್ತದೆ. ಲೀಟರಿಗೆ 75 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದವರಿಗೆ 150 ಮಿಲಿಗ್ರಾಂ ಕ್ಯಾಲ್ಸಿಯಂ ಬಿಟ್ಟಿಯಾಗಿ ಸಿಕ್ಕಿತು. ಅದು ಅರ್ಧ ಲೋಟ ಹಾಲಿಗಿಂತ ಹೆಚ್ಚು. ನೀರು ಸೋಸುವ ಆರ್‌ಒ ಯಂತ್ರಕ್ಕೆ ಬೇಕಾದದ್ದು ಬೇಡದ್ದು ಎಂಬ ಭೇದವಿಲ್ಲ. ಅದು ಫ್ಲೋರೈಡಿನೊಂದಿಗೆ ಈ ಕ್ಯಾಲ್ಸಿಯಂನ ಬಹುಪಾಲನ್ನೂ ತೆಗೆದುಹಾಕುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಭಾಗದ ಹಳ್ಳಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂನ ಮಿತಿಯನ್ನು ಮೀರಿದ ಮೂಲಗಳಿರುವಾಗ ಈ ಯಂತ್ರ ಅನಿವಾರ್ಯ, ಅದರ ಬಗ್ಗೆ ಎರಡು ಮಾತಿಲ್ಲ. ಹಲ್ಲು ಕಂದಿದ, ಮೂಳೆ ಬಾಗಿದ ಜನರನ್ನು ಕಂಡವರು ಯಾರೂ ಅದನ್ನು ಬೇಡವೆನ್ನಲಾರರು. ಆದರೆ ಫ್ಲೋರೈಡಿನ ಪೆಟ್ಟು ಹೆಚ್ಚು ಬೀಳುವುದು ಕ್ಯಾಲ್ಸಿಯಂ ಮತ್ತು ಸಿ ವಿಟಮಿನ್ ಕಡಿಮೆಯಿರುವ ಊಟ ಉಣ್ಣುವವರ ಮೇಲೆ. ಆದುದರಿಂದ ಅಲ್ಲಿನ ಜನರಿಗೆ ಶುದ್ಧ ನೀರಿನ ಕ್ಯಾನಿನ ಜೊತೆಗೆ ರಾಗಿ, ಸೊಪ್ಪು, ನೆಲ್ಲಿಕಾಯಿಯ ತಿಳಿವಳಿಕೆಯೂ ತಲುಪಬೇಕು. ಫ್ಲೋರೈಡಿನ ಕಾಟವಿಲ್ಲದ, ನಗರಸಭೆಯ ನದಿ ನೀರು ಬರುವ ಮನೆಗಳಲ್ಲಿಯೂ ನೆರೆಮನೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಆರ್‌ಒ ಯಂತ್ರ ಕೂರಿಸಿಕೊಳ್ಳುವುದರ ಅಗತ್ಯ ಮಾತ್ರ ನನಗೆ ಕಾಣುತ್ತಿಲ್ಲ.

ನೀರಷ್ಟೇ ಸಾಲದ ಸಂದರ್ಭಗಳನ್ನು ಹೇಳದಿದ್ದರೆ ಈ ಪತ್ರ ಅಪಾಯಕಾರಿಯಾದೀತು. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲಷ್ಟೇ ಸಾಕು, ಬೇಸಿಗೆಯಲ್ಲಿಯೂ ನೀರು ಬೇಕಿಲ್ಲ. ಎರಡು ವರ್ಷದವರೆಗೆ ಮೇಲಾಹಾರದೊಡನೆ ಎದೆಹಾಲು ಮುಂದುವರಿಯಬೇಕು. ವಾಂತಿಭೇದಿಯಾದಾಗ ಬರಿಯ ನೀರು ಕಳೆದುಹೋದ ಲವಣಗಳನ್ನು ತುಂಬಿಕೊಡುವುದಿಲ್ಲ. ಆಗ ಬೇಕಾದದ್ದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ, ಒಂದು ಲೀಟರಿಗೆ 20.5 ಗ್ರಾಂ ಬೆರೆಸುವ ಓಆರ್‌ಎಸ್ ಪೊಟ್ಟಣ. ಅದೇ ಹೆಸರನ್ನು ಹೋಲುವ ಹೆಸರಿಟ್ಟುಕೊಂಡು ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯವಲ್ಲ. ಬಿಸಿಲಲ್ಲಿ ದಿನವಿಡೀ ಬೆವರು ಸುರಿಸುವವರು ಊಟದಲ್ಲಿ ಉಪ್ಪನ್ನು ಸಾಕಷ್ಟು ತಿನ್ನದೆ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ಅವರಿಗೆ ಉಪ್ಪು ಹಾಕಿದ ಮಜ್ಜಿಗೆಯೋ ಅಂಬಲಿಯೋ ಒಳ್ಳೆಯದು. ಹಲ್ಲಿಲ್ಲದ, ಊಟ ಸೇರದ ವೃದ್ಧರಿಗೆ ಗಂಜಿ, ಹಾಲು ಇವೇ ಊಟವಾಗಬೇಕಾಗುತ್ತದೆ. ಮೂತ್ರಪಿಂಡ, ಹೃದಯದ ಕಾಯಿಲೆ ಇರುವವರು ನೀರಿನ ಅಳತೆಯನ್ನೂ ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟವರಲ್ಲಿ ಎರಡು ಬೇಡಿಕೆಗಳನ್ನು ಇಡುತ್ತೇನೆ. ತಾಯಿ ಕಾರ್ಡಿನಲ್ಲಿಯೂ ಅಂಗನವಾಡಿಯ ಗೋಡೆಯ ಮೇಲೂ, ಕಬ್ಬಿಣಾಂಶದ ಮಾತ್ರೆಯನ್ನು ನೀರಿನಲ್ಲಿಯೇ ತೆಗೆದುಕೊಳ್ಳಬೇಕು, ಊಟಕ್ಕೂ ಟೀಗೂ ನಡುವೆ ಒಂದು ಗಂಟೆ ಅಂತರವಿರಬೇಕು ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಸಬೇಕು. ಆಶಾ ಕಾರ್ಯಕರ್ತೆಯರು ಮಾತ್ರೆ ಕೊಡುವಾಗ ಇದನ್ನು ಬಾಯಿಮಾತಿನಲ್ಲಿಯೂ ಹೇಳಬೇಕು. ಎರಡನೆಯದಾಗಿ, ಗ್ರಾಮ ಪಂಚಾಯಿತಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕುವ ಕಿಂಡಿಯ ಪಕ್ಕದಲ್ಲಿಯೇ ಒಂದು ಫಲಕವಿಟ್ಟು, ಮೂಲ ನೀರಿನ ಮತ್ತು ಸೋಸಿದ ನೀರಿನ ಫ್ಲೋರೈಡ್ ಹಾಗೂ ಕ್ಯಾಲ್ಸಿಯಂ ಪ್ರಮಾಣವನ್ನು, ಪರೀಕ್ಷೆ ಮಾಡಿದ ದಿನಾಂಕದೊಂದಿಗೆ, ಓದಲು ಬರುವಂತೆ ಕನ್ನಡದಲ್ಲಿ ಬರೆಯಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗೃಹವಿಜ್ಞಾನ ಉಪನ್ಯಾಸಕಿ,
ತುಮಕೂರು